ಒಂದು ಕೊಲೆಯ ಫೈಲು ಸಿನಿಮಾ ಆದದ್ದು: 'ಝೆಡ್' ಪ್ರಕರಣ

1963ರ ಮೇ 22. ಗ್ರೀಸ್ ದೇಶದ ಎರಡನೇ ದೊಡ್ಡ ಊರು ಥೆಸಲೊನೀಕಿ. ಶಾಂತಿ ಚಳವಳಿಯ ಸಭೆ ಮುಗಿಸಿ ಒಬ್ಬ ಸಂಸದ ರಾತ್ರಿ ಬೀದಿಗೆ ಬಂದರು. ಸುತ್ತ ಪೊಲೀಸರಿದ್ದರು. ಕೂಗಾಡುತ್ತಿದ್ದ ಗುಂಪೂ ಇತ್ತು. ಅಷ್ಟರಲ್ಲಿ ನಮ್ಮ ಕಡೆಯ ಗೂಡ್ಸ್ ಆಟೋದಂಥ ಒಂದು ಮೂರು ಚಕ್ರದ ಗಾಡಿ ಜೋರಾಗಿ ನುಗ್ಗಿತು. ಅದರ ಹಿಂಭಾಗದಲ್ಲಿದ್ದವನು ಸಂಸದರ ತಲೆಗೆ ಹೊಡೆದ. ಗಾಡಿ ನಿಲ್ಲದೆ ಹೋಯಿತು. ಐದು ದಿನ ಆದಮೇಲೆ, ಮೇ 27ರಂದು, ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಪೊಲೀಸರು ಕೊಟ್ಟ ವಿವರಣೆ ಚಿಕ್ಕದು: ಇದೊಂದು ಟ್ರಾಫಿಕ್ ಅಪಘಾತ.

ಆ ಸಂಸದರ ಹೆಸರು ಗ್ರಿಗೊರಿಸ್ ಲಂಬ್ರಾಕಿಸ್. ಅವರ ಸಾವಿನ ಮೇಲೆ 1966ರಲ್ಲಿ ಗ್ರೀಕ್ ಕಾದಂಬರಿ ಬಂತು, 1969ರಲ್ಲಿ ಫ್ರೆಂಚ್ ಸಿನಿಮಾ ಬಂತು. ಎರಡಕ್ಕೂ ಒಂದೇ ಅಕ್ಷರದ ಹೆಸರು, 'ಝೆಡ್'. ಗ್ರೀಕ್ ಭಾಷೆಯಲ್ಲಿ 'ಅವನು ಬದುಕಿದ್ದಾನೆ' ಅನ್ನೋ ಮಾತು ಈ ಅಕ್ಷರದಿಂದ ಶುರುವಾಗುತ್ತದೆ. ಲಂಬ್ರಾಕಿಸ್ ಸತ್ತಮೇಲೆ ಜನ ಅದನ್ನು ಗೋಡೆಗಳ ಮೇಲೆ ಬರೆದರು.

ರಾಜಕೀಯ ಸಿನಿಮಾ ಅಂದರೆ ಭಾಷಣ, ಬಾವುಟ, ಕೊನೆಯಲ್ಲಿ ಮುಷ್ಟಿ ಎತ್ತೋದು ಅಂತ ನಾವು ಅಂದುಕೊಂಡಿರುತ್ತೇವೆ. ಈ ಚಿತ್ರದಲ್ಲಿ ಭಾಷಣ ತೀರಾ ಕಡಿಮೆ. ಇದು ಪೊಲೀಸ್ ಥ್ರಿಲ್ಲರಿನ ಹಾದಿ ಹಿಡಿದು ಒಂದು ತನಿಖೆಯ ಫೈಲನ್ನು ಹಾಳೆ ಹಾಳೆಯಾಗಿ ತಿರುಗಿಸುತ್ತದೆ. ಸರ್ಕಾರಿ ಸುಳ್ಳು ಹೇಗೆ ತಯಾರಾಗುತ್ತದೆ, ಯಾವ ಜಾಗದಲ್ಲಿ ಬಿರುಕು ಬಿಡುತ್ತದೆ ಅನ್ನೋದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಚಿತ್ರವನ್ನು ನಾನು ನೋಡಿಲ್ಲ. ಅದಕ್ಕೇ ಈ ಪ್ರಕರಣವನ್ನು ಮೊದಲಿನಿಂದ ಬಿಡಿಸಿ ನೋಡೋಣ ಅನ್ನಿಸಿತು.

ಸತ್ತವರು ಯಾರು?

ಲಂಬ್ರಾಕಿಸ್ ಹುಟ್ಟಿದ್ದು 1912ರಲ್ಲಿ, ದಕ್ಷಿಣ ಗ್ರೀಸಿನ ಅರ್ಕಾಡಿಯಾದ ಒಂದು ಹಳ್ಳಿಯಲ್ಲಿ. ಒಳ್ಳೆಯ ಅಥ್ಲೀಟ್. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಹೋಗಿದ್ದರು. ಉದ್ದ ಜಿಗಿತದ ಗ್ರೀಕ್ ದಾಖಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರ ಹೆಸರಲ್ಲೇ ಇತ್ತು. ಓದಿದ್ದು ವೈದ್ಯಕೀಯ. ಸ್ತ್ರೀರೋಗ ತಜ್ಞರಾಗಿ ಅಥೆನ್ಸ್ ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಮಾಡುತ್ತಿದ್ದರು. 1961ರಲ್ಲಿ ಎಡಪಂಥೀಯ ಪಕ್ಷವಾದ 'ಎಡಾ' ಕಡೆಯಿಂದ ಸಂಸತ್ತಿಗೆ ಆರಿಸಿ ಬಂದರು.

1963ರ ಏಪ್ರಿಲ್ 21ರಂದು ಮ್ಯಾರಥಾನ್‌ನಿಂದ ಅಥೆನ್ಸ್‌ವರೆಗೆ ಶಾಂತಿ ನಡಿಗೆ ಅಂತ ಗೊತ್ತಾಗಿತ್ತು. ಸರ್ಕಾರ ಅದನ್ನು ನಿಷೇಧಿಸಿತು. ಹೊರಟವರನ್ನೆಲ್ಲ ಪೊಲೀಸರು ಹಿಡಿದು ಹಾಕಿದರು. ಸಂಸದರಾಗಿದ್ದ ಲಂಬ್ರಾಕಿಸ್‌ಗೆ ಬಂಧನದಿಂದ ರಕ್ಷಣೆ ಇತ್ತು. ಅವರೊಬ್ಬರೇ ಬ್ಯಾನರ್ ಹಿಡಿದು ನಡೆದರು. ಆಮೇಲೆ ಅವರನ್ನೂ ಹಿಡಿದರು. ಒಂಟಿಯಾಗಿ ನಡೆಯುತ್ತಿರುವ ಆ ಫೋಟೊ ಗ್ರೀಸ್‌ನಲ್ಲಿ ಇವತ್ತಿಗೂ ಪರಿಚಿತ.

ಒಂದು ತಿಂಗಳು ಕಳೆದಮೇಲೆ ಕೊಲೆ. ಅಥೆನ್ಸ್‌ನಲ್ಲಿ ಶವಯಾತ್ರೆಗೆ ಲಕ್ಷಾಂತರ ಜನ ಸೇರಿದರು. ಪ್ರಧಾನಿ ಕರಮನ್ಲಿಸ್ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. ಅದಕ್ಕೆ ನೇರ ಕಾರಣ ರಾಜನ ಅರಮನೆಯ ಜೊತೆಗಿನ ಜಗಳ. ಆದರೆ ಅಷ್ಟು ಹೊತ್ತಿಗೆ ಈ ಕೊಲೆ ಸರ್ಕಾರದ ಮರ್ಯಾದೆ ತೆಗೆದಿತ್ತು.

ಅಪಘಾತದ ಕಥೆ ಮುರಿದು ಬಿದ್ದದ್ದು ಮೊದಲು ಬೀದಿಯಲ್ಲೇ. ಗಾಡಿ ಓಡುತ್ತಿದ್ದಾಗ ಲಂಬ್ರಾಕಿಸ್ ಕಡೆಯ ಒಬ್ಬ ಅದರೊಳಗೆ ಜಿಗಿದ. ಒಳಗಿದ್ದವನ ಜೊತೆ ಗುದ್ದಾಡಿದ. ಅವನು ಹಾಗೆ ಜಿಗಿಯದೇ ಇದ್ದಿದ್ದರೆ ಗಾಡಿ ಕತ್ತಲಲ್ಲಿ ಮಾಯವಾಗುತ್ತಿತ್ತು. ಆಮೇಲೆ ಎಷ್ಟು ದೊಡ್ಡ ತನಿಖೆ ಬರಲಿ, ಹಿಡಿಯೋಕೆ ಒಂದು ತುದಿಯೂ ಸಿಗುತ್ತಿರಲಿಲ್ಲ. ಆ ಮನುಷ್ಯನಿಗೆ ಪತ್ರಿಕೆಗಳು 'ಹುಲಿ' ಅಂತ ಹೆಸರಿಟ್ಟವು. ಈ ಹುಲಿಯನ್ನು ನೆನಪಿಡಿ, ಸಿನಿಮಾದಲ್ಲಿ ಮತ್ತೆ ಬರುತ್ತದೆ.

ತನಿಖೆ ಬಂದದ್ದು ಕ್ರಿಸ್ಟೋಸ್ ಸಾರ್ಟ್‌ಜೆಟಾಕಿಸ್ ಎಂಬ ಯುವ ತನಿಖಾ ಮ್ಯಾಜಿಸ್ಟ್ರೇಟ್ ಕೈಗೆ. ಅವರು ಎಡಪಂಥೀಯರಲ್ಲ. ಅವರ ತಂದೆ ಪೊಲೀಸ್ ಪಡೆಯಲ್ಲಿ ಅಧಿಕಾರಿಯಾಗಿದ್ದವರು. ಮೇಲಿನವರು ನೆಮ್ಮದಿಯಾಗಿ ನಂಬಬಹುದಾದ ಆಸಾಮಿ. ಆದರೂ ಅವರು ಬಿಡಲಿಲ್ಲ. ಬೀದಿ ರೌಡಿಗಳಿಂದ ಶುರುವಾದ ಎಳೆ ಹಿಡಿದು ಪೊಲೀಸ್ ಪಡೆಯ ದೊಡ್ಡ ಅಧಿಕಾರಿಗಳವರೆಗೆ ಹೋದರು, ಅವರ ಮೇಲೆ ಆರೋಪ ಹೊರಿಸಿದರು. ಸರ್ಕಾರಿ ವಕೀಲರಲ್ಲೂ ಕೆಲವರು ಅವರ ಬೆನ್ನಿಗೆ ನಿಂತರು.

ಪುಸ್ತಕ

ವಸಿಲಿಸ್ ವಸಿಲಿಕೋಸ್ ಉತ್ತರ ಗ್ರೀಸಿನ ಬರಹಗಾರ. ಅವರ ಕಾದಂಬರಿಯ ಉಪಶೀರ್ಷಿಕೆಯ ಅರ್ಥ ಸುಮಾರಾಗಿ 'ಒಂದು ಅಪರಾಧದ ಕಲ್ಪಿತ ಡಾಕ್ಯುಮೆಂಟರಿ'. ಕೊಲೆ ಪ್ರಕರಣದ ದಾಖಲೆಗಳನ್ನೇ ಹಿಡಿದು ಬರೆದ ಪುಸ್ತಕ ಅದು. ಆದರೆ ಬರೀ ದಾಖಲೆಯೂ ಅಲ್ಲ. ರೌಡಿಗಳ ಬಡತನ, ಲೈಸೆನ್ಸಿಗೋ ಕೆಲಸಕ್ಕೋ ಪೊಲೀಸರ ಕೈಕೆಳಗೆ ಬದುಕೋ ಅವರ ಪಾಡು, ಇದಕ್ಕೆಲ್ಲ ಪುಸ್ತಕದಲ್ಲಿ ಜಾಗ ಇದೆ. ಸತ್ತ ನಾಯಕನ ಆತ್ಮ ಶವ ಹೊತ್ತ ರೈಲಿನ ಜೊತೆ ಸಾಗುವ ಕಾವ್ಯದಂಥ ಭಾಗವೂ ಇದೆ.

ಪುಸ್ತಕ ಬಂದು ಹೆಚ್ಚು ದಿನ ಆಗಲಿಲ್ಲ. 1967ರ ಏಪ್ರಿಲ್ 21ರಂದು ಸೈನ್ಯದ ಕರ್ನಲ್‌ಗಳು ಅಧಿಕಾರ ಕಿತ್ತುಕೊಂಡರು. ಆ ಶಾಂತಿ ನಡಿಗೆ ನಡೆದು ಸರಿಯಾಗಿ ನಾಲ್ಕು ವರ್ಷ. ಪುಸ್ತಕಕ್ಕೆ ನಿಷೇಧ ಬಿತ್ತು, ಬರೆದವರು ದೇಶ ಬಿಟ್ಟು ಇರಬೇಕಾಯಿತು.

ಫ್ರಾನ್ಸ್‌ಗೆ ಹೋದ ಗ್ರೀಕ್ ಹುಡುಗ

ನಿರ್ದೇಶಕ ಕೋಸ್ಟಾ ಗಾವ್ರಾಸ್ ಕೂಡ ಅರ್ಕಾಡಿಯಾದವರೇ, 1933ರಲ್ಲಿ ಹುಟ್ಟಿದವರು. ಅವರ ತಂದೆ ನಾಜಿಗಳ ವಿರುದ್ಧದ ಹೋರಾಟದಲ್ಲಿ ಎಡಪಂಥೀಯರ ಜೊತೆಗಿದ್ದರು. ಅಂತರ್ಯುದ್ಧ ಮುಗಿದಮೇಲೆ ಅಂಥವರ ಮಕ್ಕಳಿಗೆ ಗ್ರೀಸ್‌ನಲ್ಲಿ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಹಾಗಾಗಿ ಅವರು ಪ್ಯಾರಿಸ್‌ಗೆ ಹೋದರು. ಅಲ್ಲಿ ಸಾಹಿತ್ಯ ಓದಿದರು, ಸಿನಿಮಾ ಶಾಲೆ ಸೇರಿದರು, ದೊಡ್ಡ ನಿರ್ದೇಶಕರ ಕೈಕೆಳಗೆ ಸಹಾಯಕರಾಗಿ ದುಡಿದರು. ಅವರ ಮೊದಲ ಚಿತ್ರ 1965ರಲ್ಲಿ ಬಂತು. ಅದು ರೈಲಿನಲ್ಲಿ ನಡೆಯುವ ಒಂದು ಕೊಲೆಯ ಪಕ್ಕಾ ಪತ್ತೇದಾರಿ ಕಥೆ, ಅದೂ ಕಾದಂಬರಿಯಿಂದಲೇ ತೆಗೆದದ್ದು. ಥ್ರಿಲ್ಲರ್ ಕಟ್ಟೋ ಕೆಲಸ ಅವರ ಕೈಗೆ ಅಲ್ಲೇ ಪಳಗಿತು. ಈ ಹಿನ್ನೆಲೆ ಮುಖ್ಯ ಅಂತ ನನಗೆ ಅನ್ನಿಸುತ್ತದೆ. ಸಿಟ್ಟು ಇದ್ದವರು ಬಹಳ ಜನ ಇದ್ದರು. ಸಿಟ್ಟಿನ ಜೊತೆ ಈ ಕಸುಬೂ ಗೊತ್ತಿದ್ದವರು ಕಡಿಮೆ.

ಚಿತ್ರಕಥೆಗೆ ಜೊತೆಯಾದವರು ಹೋರ್ಹೆ ಸೆಂಪ್ರೂನ್. ಸ್ಪೇನಿನವರು, ಅಲ್ಲಿನ ಸರ್ವಾಧಿಕಾರಿ ಫ್ರಾಂಕೋ ಆಡಳಿತದ ವಿರೋಧಿ, ನಾಜಿಗಳ ಬುಖೆನ್‌ವಾಲ್ಡ್ ಶಿಬಿರದಿಂದ ಬದುಕಿ ಬಂದವರು. ತಮ್ಮ ಊರಿಗೆ ಹೋಗಲಾಗದ ಇಬ್ಬರು ಕೂತು, ಹೆಸರಿಲ್ಲದ ಒಂದು ದೇಶದ ಕಥೆ ಬರೆದರು. ಅದೂ ಫ್ರೆಂಚ್ ಭಾಷೆಯಲ್ಲಿ.

ದುಡ್ಡು ಹುಟ್ಟಲಿಲ್ಲ. ರಾಜಕೀಯ ವಿಷಯ, ನಾಯಕಿಗೆ ಪ್ರೇಮಕಥೆ ಇಲ್ಲ, ದೊಡ್ಡ ನಟ ಅರ್ಧಕ್ಕೆ ಮೊದಲೇ ಸಾಯುತ್ತಾನೆ. ಯಾವ ನಿರ್ಮಾಪಕ ಒಪ್ಪುತ್ತಾನೆ ಹೇಳಿ? ಕೊನೆಗೆ ನಟ ಜಾಕ್ ಪೆರಾಂ ತಾನೇ ನಿರ್ಮಾಣಕ್ಕೆ ಇಳಿದರು. ಅಲ್ಜೀರಿಯಾ ದೇಶದ ಸಿನಿಮಾ ಸಂಸ್ಥೆ ಕೈಜೋಡಿಸಿತು. ಫ್ರಾನ್ಸ್‌ನಿಂದ 1962ರಲ್ಲಷ್ಟೇ ಬಿಡುಗಡೆ ಪಡೆದ ದೇಶ ಅದು. ಚಿತ್ರೀಕರಣ ನಡೆದದ್ದು ರಾಜಧಾನಿ ಅಲ್ಜಿಯರ್ಸ್‌ನಲ್ಲಿ. ಸಮುದ್ರ, ಬಿಳಿ ಕಟ್ಟಡ, ಚೌಕ, ಬಿಸಿಲು, ಎಲ್ಲ ಥೆಸಲೊನೀಕಿಗೆ ಹೊಂದಿಕೊಂಡವು. ಈ ಕಾರಣಕ್ಕೇ ಚಿತ್ರ ಆಸ್ಕರ್‌ಗೆ ಹೋದಾಗ ಅಲ್ಜೀರಿಯಾದ ಹೆಸರಿನಲ್ಲಿ ಹೋಯಿತು.

ಸಂಗೀತದ ಕಥೆಯೇ ಬೇರೆ. ಸಂಗೀತಗಾರ ಮಿಕಿಸ್ ಥಿಯೊಡೊರಾಕಿಸ್, ಕೊಲೆಯ ನಂತರ ಲಂಬ್ರಾಕಿಸ್ ಹೆಸರಲ್ಲಿ ಹುಟ್ಟಿದ ಯುವ ಸಂಘಟನೆಯ ಮುಖಂಡರಾಗಿದ್ದರು. ಕರ್ನಲ್‌ಗಳು ಅವರನ್ನು ಹಿಡಿದು ದೂರದ ಒಂದು ಬೆಟ್ಟದ ಹಳ್ಳಿಯಲ್ಲಿ ಇಟ್ಟಿದ್ದರು. ಅವರ ಹಾಡು ಕೇಳೋದೂ ಅಪರಾಧ. ಹೊಸದಾಗಿ ಸಂಗೀತ ಮಾಡಿಕೊಡೋ ಸ್ಥಿತಿಯಲ್ಲಿ ಅವರಿರಲಿಲ್ಲ. ಮೊದಲೇ ಮಾಡಿದ್ದ ಸಂಗೀತವನ್ನು ಬಳಸಿಕೊಳ್ಳಲು ಒಪ್ಪಿಗೆ ಕಳಿಸಿದರು. ಚಿತ್ರದಲ್ಲಿ ಗ್ರೀಸ್ ಅನ್ನೋ ಹೆಸರು ಬರೋದಿಲ್ಲ, ಆದರೆ ಗ್ರೀಕರ ತಂತಿವಾದ್ಯ ಬೂಜೂಕಿಯ ಆ ನಾದ ಕೇಳಿದವರಿಗೆ ಊರು ಯಾವುದು ಅಂತ ಕೇಳೋ ಅಗತ್ಯವೇ ಬೀಳೋದಿಲ್ಲ.

ಇನ್ನು ಶುರುವಿನಲ್ಲೇ ಪರದೆ ಮೇಲೆ ಬರುವ ಸಾಲು. ಎಲ್ಲ ಸಿನಿಮಾಗಳೂ 'ಈ ಕಥೆಯ ಪಾತ್ರಗಳು ಕಾಲ್ಪನಿಕ' ಅಂತ ಹೇಳುತ್ತವಲ್ಲ, ಇಲ್ಲಿ ಅದರ ಉಲ್ಟಾ. ನಿಜವಾದ ಘಟನೆ, ವ್ಯಕ್ತಿಗಳಿಗೆ ಹೋಲಿಕೆ ಕಂಡರೆ ಅದು ಆಕಸ್ಮಿಕ ಅಲ್ಲ, ಬೇಕಂತಲೇ ಮಾಡಿದ್ದು ಅನ್ನುತ್ತದೆ ಚಿತ್ರ. ಕೆಳಗೆ ನಿರ್ದೇಶಕರ ಮತ್ತು ಚಿತ್ರಕಥೆಗಾರರ ಹೆಸರು. ತಾವು ಆರೋಪ ಮಾಡುತ್ತಿದ್ದೇವೆ ಅಂತ ಒಪ್ಪಿಕೊಂಡು ಸಹಿ ಹಾಕಿದ ಹಾಗೆ.

ಸುಳ್ಳು ಬಿರುಕು ಬಿಡುವ ಜಾಗ

ಮೊದಲ ದೃಶ್ಯ ಒಂದು ಸರ್ಕಾರಿ ಉಪನ್ಯಾಸ. ದ್ರಾಕ್ಷಿ ಬಳ್ಳಿಗೆ ಬರುವ ಬೂಜು ರೋಗ, ಅದಕ್ಕೆ ಯಾವಾಗ ಏನು ಸಿಂಪಡಿಸಬೇಕು ಅಂತ ಕೃಷಿ ಇಲಾಖೆಯವರು ಹೇಳುತ್ತಾರೆ. ಕೇಳುತ್ತಾ ಕೂತಿರುವವರು ಪೊಲೀಸ್ ಅಧಿಕಾರಿಗಳು. ಆಮೇಲೆ ಪೊಲೀಸ್ ಪಡೆಯ ಜನರಲ್ ಎದ್ದು ನಿಂತು ಅದೇ ಮಾತನ್ನು ಮುಂದುವರಿಸುತ್ತಾರೆ. ಸಮಾಜಕ್ಕೂ ಇಂಥ ರೋಗ ಬರುತ್ತದೆ, ಶಾಲೆಯಲ್ಲಿ, ಕಾಲೇಜಿನಲ್ಲಿ, ಕಾರ್ಖಾನೆಯಲ್ಲಿ ಮುಂಚೆಯೇ ಔಷಧಿ ಹೊಡೆಯಬೇಕು ಅಂತ. ಎರಡು ನಿಮಿಷದಲ್ಲಿ ಇಡೀ ಆಡಳಿತದ ತಲೆ ಹೇಗೆ ಓಡುತ್ತದೆ ಅಂತ ಗೊತ್ತಾಗಿಬಿಡುತ್ತದೆ.

ಆಮೇಲೆ ಸಭೆಯ ಗಡಿಬಿಡಿ. ಗೊತ್ತಾಗಿದ್ದ ಹಾಲ್ ಕೊನೇ ಗಳಿಗೆಯಲ್ಲಿ ಕೈತಪ್ಪುತ್ತದೆ. ಇನ್ನೊಂದು ಹಾಲ್ ಕೇಳಿದರೆ ಬೇರೆ ನೆಪ. ಸಿಕ್ಕಿದ್ದು ಚಿಕ್ಕ ಹಾಲ್, ಹೊರಗೆ ಚೌಕದಲ್ಲಿ ಕಲ್ಲು ಹಿಡಿದ ಗುಂಪು. ಅದೇ ಹೊತ್ತಿಗೆ ದೊಡ್ಡ ಅಧಿಕಾರಿಗಳು ರಷ್ಯಾದ ಬೊಲ್ಶೊಯ್ ತಂಡದ ಬ್ಯಾಲೆ ನೃತ್ಯ ನೋಡೋಕೆ ಹೋಗಿದ್ದಾರೆ. ಈವ್ ಮೊಂತಾ ಮಾಡಿದ ಸಂಸದನ ಪಾತ್ರ ಪರದೆ ಮೇಲೆ ಇರೋದು ಸ್ವಲ್ಪ ಹೊತ್ತು. ಹೊಡೆತ ಬೀಳುತ್ತದೆ, ಅವನು ಕುಸಿಯುತ್ತಾನೆ. ನೆಲಕ್ಕೆ ಬಿದ್ದು ತಲೆ ಒಡೆಯಿತು ಅನ್ನುತ್ತಾರೆ ಪೊಲೀಸರು. ಪೋಸ್ಟ್ ಮಾರ್ಟಂ ಮಾಡಿದ ವೈದ್ಯರು ಹೇಳೋದು ಬೇರೆ: ತಲೆಬುರುಡೆ ಒಡೆದದ್ದು ಹೊಡೆತದಿಂದ.

ಇಲ್ಲಿಂದ ಚಿತ್ರ ಜಾನ್ ಲೂಯಿ ತ್ರಾಂತಿನ್ಯಾಂ ಅವರ ಕೈಗೆ ಹೋಗುತ್ತದೆ. ಮ್ಯಾಜಿಸ್ಟ್ರೇಟ್ ಪಾತ್ರ. ಬಣ್ಣದ ಗಾಜಿನ ಕನ್ನಡಕ, ಎತ್ತರಿಸದ ದನಿ, ಮುಖದಲ್ಲಿ ಏನೂ ಕಾಣೋದಿಲ್ಲ. ಯಾರ ಪರವೂ ಅಲ್ಲ. ಶುರುವಿನಲ್ಲಿ ಸಾಕ್ಷಿಗಳು 'ಕೊಲೆ' ಅಂದರೆ ತಿದ್ದುತ್ತಾರೆ, 'ಘಟನೆ' ಅನ್ನಿ ಅಂತ. ತನಿಖೆ ಮುಂದೆ ಹೋದ ಹಾಗೆ ಒಂದು ದಿನ ಅವರ ಬಾಯಿಂದಲೇ 'ಕೊಲೆ' ಅಂತ ಬರುತ್ತದೆ.

ನನಗೆ ಇಡೀ ಚಿತ್ರದ ಗಂಟು ಅನ್ನಿಸೋದು ಹುಲಿಯ ಮಾತು. ಗಾಡಿಗೆ ಜಿಗಿದ ಮನುಷ್ಯನ ಬಗ್ಗೆ ಹೇಳಿಕೆ ಕೊಡುವಾಗ ಒಬ್ಬ ರೌಡಿ, ಅವನು ಹುಲಿಯ ಹಾಗೆ ಮೈ ಬಳುಕಿಸಿ ಕ್ರೂರವಾಗಿ ಎಗರಿದ ಅನ್ನೋ ಅರ್ಥದ ಮಾತಾಡುತ್ತಾನೆ. ರೌಡಿಯ ಬಾಯಲ್ಲಿ ಇಷ್ಟು ಅಲಂಕಾರದ ಮಾತು! ಅದನ್ನು ಟೈಪಿಸ್ಟ್ ಹೊಡೆದುಕೊಳ್ಳುತ್ತಾನೆ. ಇನ್ನೊಬ್ಬರ ಹೇಳಿಕೆಯಲ್ಲೂ ಅದೇ ಮಾತು, ಅದೇ ಜೋಡಣೆ. ಅದೇ ಮಾತು ದೊಡ್ಡ ಅಧಿಕಾರಿಯ ಬಾಯಿಂದಲೂ ಬಂದಾಗ ಮ್ಯಾಜಿಸ್ಟ್ರೇಟ್ ಕಿವಿ ನಿಮಿರುತ್ತದೆ. ಒಬ್ಬರಿಗೊಬ್ಬರು ಪರಿಚಯವೇ ಇಲ್ಲ ಅನ್ನುವವರು ಒಂದೇ ವಾಕ್ಯ ಹೇಳೋದು ಹೇಗೆ? ಎಲ್ಲರಿಗೂ ಒಬ್ಬನೇ ಪಾಠ ಹೇಳಿಕೊಟ್ಟಿದ್ದಾನೆ.

ನೋಡಿ, ಇಲ್ಲಿ ಗುಪ್ತ ಕಡತ ಸಿಕ್ಕಿಲ್ಲ, ಕದ್ದು ಕೇಳಿದ ಫೋನ್ ಇಲ್ಲ. ಶ್ರದ್ಧೆಯಿಂದ ಬರೆದುಕೊಂಡ ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟು ಓದಿದ್ದಷ್ಟೇ. ಸುಳ್ಳು ಹೇಳೋರಿಗೆ ಒಗ್ಗಟ್ಟು ಬೇಕು, ಅದಕ್ಕೆ ಎಲ್ಲರಿಗೂ ಒಂದೇ ಮಾತು ಕಲಿಸಬೇಕು. ಹಾಗೆ ಕಲಿಸಿದ ಮಾತೇ ಅವರನ್ನು ಹಿಡಿದುಕೊಟ್ಟಿತು. ಗುಮಾಸ್ತನ ಟೈಪ್‌ರೈಟರ್ ಸದ್ದು ಈ ಚಿತ್ರದಲ್ಲಿ ಬಂದೂಕಿಗಿಂತ ಜೋರಾಗಿ ಕೇಳೋದು ಅದಕ್ಕೇ.

ಇನ್ನೊಬ್ಬ ಸಾಕ್ಷಿಯನ್ನು ಮರೆಯೋ ಹಾಗಿಲ್ಲ. ನಿಕ್, ಶವಪೆಟ್ಟಿಗೆಗೆ ಪಾಲಿಶ್ ಹೊಡೆಯೋ ಸಾಮಾನ್ಯ ಮನುಷ್ಯ. ಈವತ್ತು ರಾತ್ರಿ ಒಂದು ಕೆಲಸ ಇದೆ, ಯಾರನ್ನಾದರೂ ಕೊಲ್ಲಬೇಕಾಗಬಹುದು ಅಂತ ಗಾಡಿಯವನು ಅವನ ಹತ್ತಿರ ಬಾಯಿ ಬಿಟ್ಟಿರುತ್ತಾನೆ. ನಿಕ್‌ಗೆ ರಾಜಕೀಯ ಬೇಡ. ಆದರೂ ಹೇಳಬೇಕು ಅನ್ನಿಸುತ್ತದೆ. ಹೇಳಿಕೆ ಕೊಡೋಕೆ ಹೋಗುವ ದಾರಿಯಲ್ಲೇ ಅವನ ತಲೆಗೆ ಏಟು ಬೀಳುತ್ತದೆ. ಆಸ್ಪತ್ರೆಯಲ್ಲಿ ಎಲ್ಲರೂ ಸೇರಿ ನೀನು ಕಾಲು ಜಾರಿ ಬಿದ್ದೆ ಅಂತ ಅವನಿಗೇ ಒಪ್ಪಿಸೋಕೆ ನೋಡುತ್ತಾರೆ. ಸ್ವಂತ ಅಕ್ಕತಂಗಿಯೂ ಸುಮ್ನಿರು ಅಂತ ಬೈಯುತ್ತಾಳೆ. ಅವನು ಮಾತ್ರ ಮಾತು ಬದಲಿಸೋದಿಲ್ಲ. ಸಿನಿಮಾದ ನಿಜವಾದ ಧೈರ್ಯಶಾಲಿ ಯಾರು ಅಂತ ಕೇಳಿದರೆ ನಾನು ನಿಕ್ ಹೆಸರು ಹೇಳುತ್ತೇನೆ.

ಕೊನೆಗೆ ಅಧಿಕಾರಿಗಳು ಒಬ್ಬೊಬ್ಬರಾಗಿ ಬರುತ್ತಾರೆ. ಎದೆ ತುಂಬ ಪದಕ. ಮ್ಯಾಜಿಸ್ಟ್ರೇಟ್ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಾರೆ: ಹೆಸರು, ಉದ್ಯೋಗ. ಹೊರಗೆ ಪತ್ರಕರ್ತರ ಕಣ್ಣು ತಪ್ಪಿಸೋಕೆ ಪ್ರತಿಯೊಬ್ಬರೂ ಪಕ್ಕದ ಬಾಗಿಲಿನ ಹಿಡಿ ಎಳೆಯುತ್ತಾರೆ. ಬೀಗ ಹಾಕಿದೆ. ಸಂಕಲನ ಮಾಡಿದ ಫ್ರಾನ್ಸ್‌ವಾಜ್ ಬೊನೋ ಅವರಿಗೆ ಆಸ್ಕರ್ ಬಂದದ್ದು ಯಾಕೆ ಅಂತ ತಿಳಿಯೋಕೆ ಈ ಸಾಲು ದೃಶ್ಯ ಸಾಕು. ಪ್ರತಿ ಸಲ ಸ್ವಲ್ಪ ಚಿಕ್ಕದಾಗುತ್ತದೆ, ಸ್ವಲ್ಪ ವೇಗವಾಗುತ್ತದೆ. ಕ್ಯಾಮೆರಾ ಹಿಡಿದ ರಾವುಲ್ ಕುತಾರ್ ಕೂಡ ಫ್ರಾನ್ಸಿನ ಹೊಸ ಅಲೆಯ ಚಿತ್ರಗಳಲ್ಲಿ ಹೆಸರು ಮಾಡಿದವರು. ಜನಜಂಗುಳಿಯ ದೃಶ್ಯಗಳಲ್ಲಿ ನಾವೂ ಆ ತಳ್ಳಾಟದೊಳಗೆ ಸಿಕ್ಕಿಬಿದ್ದ ಹಾಗಾಗುತ್ತದೆ.

ಏನು ಬಿಟ್ಟರು, ಏನು ತಿದ್ದಿದರು

ಪುಸ್ತಕದ ಕಾವ್ಯ ಹೋಯಿತು. ಆತ್ಮ, ರೈಲು, ಯಾವುದೂ ಇಲ್ಲ. ಹೆಂಡತಿಯ ಪಾತ್ರ ಮಾಡಿದ ಐರೀನ್ ಪಾಪಾಸ್ ಅವರ ಮುಖದಲ್ಲಿ ಅದರ ಒಂದು ಚೂರು ಉಳಿದಿದೆ. ಅಧಿಕಾರಿಗಳ ಮೇಲೆ ಆರೋಪ ಹೊರಿಸಿದ ಸುದ್ದಿಯನ್ನು ಯುವ ಬೆಂಬಲಿಗ ಸಮುದ್ರದ ದಡಕ್ಕೆ ಓಡಿಬಂದು ಸಂಭ್ರಮದಿಂದ ಹೇಳುತ್ತಾನೆ. ಆಕೆಯ ಮುಖದಲ್ಲಿ ಗೆಲುವು ಕಾಣೋದಿಲ್ಲ. ಆದರೆ ಇಷ್ಟು ದೊಡ್ಡ ನಟಿಗೆ ಮಾತು ತೀರಾ ಕಡಿಮೆ ಕೊಟ್ಟಿದ್ದಾರೆ ಅನ್ನೋದು ನನ್ನ ದೂರು. ಇನ್ನೊಂದು ದೂರು ಇದಕ್ಕಿಂತ ದೊಡ್ಡದು. ಹೊಡೆದ ರೌಡಿ ಸಲಿಂಗಕಾಮಿ ಅನ್ನೋದನ್ನು ಅವನ ಕೆಟ್ಟತನದ ಗುರುತಾಗಿ ಚಿತ್ರ ಬಳಸುತ್ತದೆ. ಅಧಿಕಾರಸ್ಥರ ಪೂರ್ವಗ್ರಹವನ್ನು ಇಷ್ಟು ಚೆನ್ನಾಗಿ ಬಯಲು ಮಾಡಿದವರು ತಮ್ಮದೊಂದು ಪೂರ್ವಗ್ರಹವನ್ನು ಹಾಗೇ ಬಿಟ್ಟರಲ್ಲ ಅಂತ ಬೇಜಾರಾಗುತ್ತದೆ.

ದೊಡ್ಡ ತಿದ್ದುಪಡಿ ಕಾಲದ್ದು. ಚಿತ್ರದಲ್ಲಿ ಆರೋಪ ಹೊರಿಸಿದ ಬೆನ್ನಿಗೇ ಎಲ್ಲ ಮುಗಿಯುತ್ತದೆ. ಟಿವಿಯಲ್ಲಿ ಪತ್ರಕರ್ತ ಸುದ್ದಿ ಓದುತ್ತಾನೆ: ಸಾಕ್ಷಿಗಳು ಒಬ್ಬೊಬ್ಬರಾಗಿ ಸತ್ತರು, ರೌಡಿಗಳಿಗೆ ಸಣ್ಣ ಶಿಕ್ಷೆ, ಅಧಿಕಾರಿಗಳು ಪಾರು, ಸೈನ್ಯ ಅಧಿಕಾರಕ್ಕೆ ಬಂತು. ಮುಂದಿನ ಸುದ್ದಿ ಓದೋಕೆ ಇನ್ನೊಬ್ಬಳು ಬರುತ್ತಾಳೆ, ಆ ಪತ್ರಕರ್ತನೂ ಜೈಲಿಗೆ ಹೋದ ಅಂತ ಹೇಳುತ್ತಾಳೆ. ಆಮೇಲೆ ಸೈನ್ಯ ನಿಷೇಧಿಸಿದವುಗಳ ಪಟ್ಟಿ: ಉದ್ದ ಕೂದಲು, ಸೊಫೋಕ್ಲಿಸ್, ಟಾಲ್‌ಸ್ಟಾಯ್, ಬೀಟಲ್ಸ್, ಮುಷ್ಕರ, ಹೊಸ ಗಣಿತ, ಕೊನೆಗೆ ಒಂದು ಅಕ್ಷರ.

ನಿಜದಲ್ಲಿ ನಡುವೆ ನಾಲ್ಕು ವರ್ಷ ಇದ್ದವು. 1963ರ ನವೆಂಬರ್‌ನಲ್ಲೂ 1964ರ ಫೆಬ್ರುವರಿಯಲ್ಲೂ ಚುನಾವಣೆ ನಡೆದು ಜಾರ್ಜ್ ಪಪಾಂದ್ರಿಯು ಅವರ ಪಕ್ಷ ಗೆದ್ದಿತು. 1965ರ ಜುಲೈನಲ್ಲಿ ರಾಜನ ಜೊತೆ ಜಗಳವಾಗಿ ಆ ಸರ್ಕಾರ ಹೋಯಿತು. ಪ್ರಕರಣದ ವಿಚಾರಣೆ ಮುಗಿದದ್ದು 1966ರ ಡಿಸೆಂಬರ್‌ನಲ್ಲಿ. ಗಾಡಿ ಓಡಿಸಿದವನಿಗೂ ಹೊಡೆದವನಿಗೂ ಶಿಕ್ಷೆಯಾಯಿತು, ಪೊಲೀಸ್ ಅಧಿಕಾರಿಗಳು ಖುಲಾಸೆಯಾದರು. ಅಂದರೆ ಪ್ರಜಾಪ್ರಭುತ್ವ ಇದ್ದಾಗಲೇ, ತೆರೆದ ಕೋರ್ಟಿನಲ್ಲೇ ಅವರು ಬಿಡುಗಡೆಯಾದರು. ಕರ್ನಲ್‌ಗಳು ಆಮೇಲೆ ಬಂದರು. ಚಿತ್ರ ಇದನ್ನು ಒತ್ತಿ ಚಿಕ್ಕದು ಮಾಡಿದ್ದರಿಂದ ಹೊಡೆತ ಜೋರಾಗಿ ಬೀಳುತ್ತದೆ, ಒಪ್ಪುತ್ತೇನೆ. ಆದರೆ ಆ ನಾಲ್ಕು ವರ್ಷದಲ್ಲಿ ಕೈತಪ್ಪಿದ ಅವಕಾಶಗಳ ಕಥೆ ಕಾಣದೆ ಹೋಯಿತು.

ಲಂಬ್ರಾಕಿಸ್ ಮೇಲೆ ಹಲ್ಲೆಯಾದ ರಾತ್ರಿಯೇ ಏಟು ತಿಂದ ಇನ್ನೊಬ್ಬ ಸಂಸದ ಜಾರ್ಜ್ ತ್ಸಾರೂಖಾಸ್. ಆವತ್ತು ಬದುಕಿದ ಅವರು 1968ರ ಮೇನಲ್ಲಿ ಕರ್ನಲ್‌ಗಳ ಪೊಲೀಸರ ವಶದಲ್ಲಿ ಸತ್ತರು. ಸಾರ್ಟ್‌ಜೆಟಾಕಿಸ್ ಅವರನ್ನು 1968ರಲ್ಲಿ ಕೆಲಸದಿಂದ ತೆಗೆದರು, ಆಮೇಲೆ ಜೈಲಿಗೂ ಹಾಕಿದರು. 1974ರಲ್ಲಿ ಕರ್ನಲ್‌ಗಳ ಆಡಳಿತ ಬಿದ್ದಮೇಲೆ ಅವರು ಮತ್ತೆ ನ್ಯಾಯಾಂಗಕ್ಕೆ ಬಂದರು. 1985ರಲ್ಲಿ ಗ್ರೀಸಿನ ರಾಷ್ಟ್ರಪತಿಯಾದರು.

ಚಿತ್ರ ಫ್ರಾನ್ಸ್‌ನಲ್ಲಿ ಗೆದ್ದಿತು. ಮೂವತ್ತು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಪ್ರಶಸ್ತಿ, ತ್ರಾಂತಿನ್ಯಾಂಗೆ ಅತ್ಯುತ್ತಮ ನಟ ಪ್ರಶಸ್ತಿ. ಆಸ್ಕರ್‌ನಲ್ಲಿ ವಿದೇಶಿ ಚಿತ್ರ ಮತ್ತು ಸಂಕಲನ, ಎರಡು ಪ್ರಶಸ್ತಿ. ಅತ್ಯುತ್ತಮ ಚಿತ್ರದ ಪಟ್ಟಿಯಲ್ಲೂ ಇತ್ತು. ಫ್ರೆಂಚ್ ಪ್ರೇಕ್ಷಕರಿಗೆ ಇದು ದೂರದ ಕಥೆ ಅನ್ನಿಸಿರಲಿಕ್ಕಿಲ್ಲ. ಮೊರಾಕೊದ ವಿರೋಧ ಪಕ್ಷದ ನಾಯಕ ಬೆನ್ ಬರ್ಕಾ 1965ರಲ್ಲಿ ಪ್ಯಾರಿಸ್ ಬೀದಿಯಲ್ಲೇ ಅಪಹರಣವಾಗಿದ್ದರು, ಅದರಲ್ಲಿ ಫ್ರೆಂಚ್ ಪೊಲೀಸರ ಕೈ ಇತ್ತು. ಎಡಪಂಥೀಯ ವಿಮರ್ಶಕರಲ್ಲಿ ಕೆಲವರು ಮಾತ್ರ ಮುನಿಸಿಕೊಂಡರು. ರಾಜಕೀಯವನ್ನು ಮಸಾಲೆ ಸಿನಿಮಾ ಮಾಡಿದ್ದಾರೆ ಅನ್ನೋದು ಅವರ ತಕರಾರು. ನಾನು ಇದನ್ನು ಒಪ್ಪೋದಿಲ್ಲ. ಕೊಲೆಯನ್ನು ಅಪಘಾತ ಅಂತ ಮುಚ್ಚಿದಾಗ ಮೊದಲು ಆಗಬೇಕಾದ ಕೆಲಸ ಪತ್ತೇದಾರಿಯೇ ಅಲ್ವಾ?

ಭಾರತಕ್ಕೆ ಬಂದಾಗ

ಇದೇ ಕಾದಂಬರಿ 2012ರಲ್ಲಿ ಹಿಂದಿಗೆ ಬಂತು. ದಿಬಾಕರ್ ಬ್ಯಾನರ್ಜಿ ನಿರ್ದೇಶನದ 'ಶಾಂಘೈ'. ಭಾರತ್ ನಗರ ಎಂಬ ಕಲ್ಪಿತ ಊರು, ಅಭಿವೃದ್ಧಿ ಯೋಜನೆ ವಿರುದ್ಧ ಮಾತಾಡೋಕೆ ಬಂದ ಡಾ. ಅಹ್ಮದಿ, ಗಾಡಿ ಗುದ್ದಿ ಬೀಳಿಸಿದ ರಾತ್ರಿ. ಅಸ್ಥಿಪಂಜರ ಅದೇ. ಆದರೆ ತನಿಖೆಯ ಜಾಗಕ್ಕೆ ಬಂದಾಗ ಒಂದು ಮೂಳೆ ಬದಲಾಗಿದೆ.

ಗ್ರೀಸ್, ಫ್ರಾನ್ಸ್‌ನಲ್ಲಿ ತನಿಖಾ ಮ್ಯಾಜಿಸ್ಟ್ರೇಟ್ ಅಂದರೆ ತಾನೇ ತನಿಖೆ ಮಾಡುವ, ತಾನೇ ಆರೋಪ ಹೊರಿಸುವ ನ್ಯಾಯಾಧೀಶ. ಜನರಲ್ಲನ್ನು ಕರೆಸಿ ಹೆಸರು, ಉದ್ಯೋಗ ಹೇಳು ಅನ್ನೋ ಅಧಿಕಾರ ಅವನ ಕುರ್ಚಿಗಿದೆ. ನಮ್ಮಲ್ಲಿ ಆ ಕುರ್ಚಿ ಇಲ್ಲ. ತನಿಖೆ ಪೊಲೀಸರದ್ದೇ. ವಿಚಾರಣಾ ಆಯೋಗ ಕೂತರೂ ಅದು ವರದಿ ಕೊಡಬಹುದು, ಆ ವರದಿಯನ್ನು ಸರ್ಕಾರ ಒಪ್ಪಲೇಬೇಕು ಅಂತಿಲ್ಲ. ಹಾಗಾಗಿ 'ಶಾಂಘೈ'ನಲ್ಲಿ ಅಭಯ್ ಡಿಯೋಲ್ ಮಾಡಿದ ಐಎಎಸ್ ಅಧಿಕಾರಿ ಕೃಷ್ಣನ್‌ಗೆ ಸತ್ಯ ಸಿಕ್ಕಿದರೂ ಅದನ್ನು ನೇರವಾಗಿ ಕೋರ್ಟಿಗೆ ಒಯ್ಯೋ ದಾರಿ ಇಲ್ಲ. ಕೈಯಲ್ಲಿರೋ ಸಾಕ್ಷಿಯನ್ನು ತೋರಿಸಿ ತನ್ನ ಮೇಲಧಿಕಾರಿಯ ಜೊತೆಗೇ ಚೌಕಾಸಿಗೆ ಇಳಿಯುತ್ತಾನೆ. 'ಝೆಡ್' ನೋಡಿದ ಮೇಲೆ ಆ ದೃಶ್ಯವನ್ನು ಮತ್ತೊಮ್ಮೆ ನೋಡಿ. ಪ್ರಾಮಾಣಿಕತೆಯಲ್ಲಿ ಕೃಷ್ಣನ್ ಆ ಮ್ಯಾಜಿಸ್ಟ್ರೇಟ್‌ಗಿಂತ ಕಡಿಮೆ ಅಂತ ನನಗೆ ಅನ್ನಿಸಲಿಲ್ಲ. ಅವನಿಗೆ ಕೊಟ್ಟಿರೋ ಅಧಿಕಾರವೇ ಅಷ್ಟು.